ಹತ್ತು ಕಟ್ಟಿದ್ರೆ ಏನ್ರವ್ವ ತಪ್ಪು?

"ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು" ಅನ್ನೋ ಗಾದೆ ಕೇಳಿದ್ರೆ ನಂಗೆ ಈಚೀಚೆಗೆ ಮೈಯೆಲ್ಲ ಉರೀತದೆ ಕಣ್ರವ್ವ. ಗಾದೇದು ತಪ್ಪಿಲ್ಲ. ನಮ್ಮಜ್ಜಿ ಅದನ್ನ ಹೇಳ್ತಿದ್ದದ್ದು ಸಂತೇಲಿ. ಹತ್ತು ಕಳಪೆ ಪಾತ್ರೆ ತರೋ ಬದಲು ಒಂದು ಗಟ್ಟಿ ಹಂಡೆ ತಗೊ, ಒಗೆದ್ರೆ ಬಣ್ಣ ಬಿಡೋ ಹತ್ತು ಸೀರೆ ಬದಲು ಒಂದು ಒಳ್ಳೇದು ತಗೊ ಅಂತ. ಪಾತ್ರೆಗೂ ಸೀರೆಗೂ ಹೇಳಿದ್ದ ಮಾತನ್ನ ಈಗ ಎತ್ಕೊಂಡ್ ಬಂದು ಮಕ್ಕಳ ತಲೆ ಮೇಲೆ, ನಮ್ಮಂಥ ಐವತ್ತು ದಾಟಿದ ಹೆಂಗಸರ ತಲೆ ಮೇಲೆ ಹಾಕ್ತಾವ್ರೆ. ಅದಕ್ಕೊಂದು ಹೊಸ ಹೆಸರು ಬೇರೆ, ಪ್ಯಾಷನ್ನು. ನಿಮ್ಮ ಪ್ಯಾಷನ್ ಯಾವುದು ಅಂತ ಕಂಡ್ಕೊಳ್ಳಿ, ಒಂದೇ ಒಂದು, ಅದಕ್ಕೆ ಜೀವಮಾನ ಕೊಡಿ, ಬೇರೆ ಎಲ್ಲಾ ಬಿಡಿ! ಬೆಳಗ್ಗೆ ಎದ್ದು ಫೋನ್ ತೆಗೆದ್ರೆ ಇದೇ ವೀಡಿಯೊ. ಕೋಟು ಹಾಕ್ಕೊಂಡ ಒಬ್ಬ ನಿಂತ್ಕೊಂಡು ಕೈ ಬೀಸಿ ಬೀಸಿ ಹೇಳ್ತಾನೆ. ಆ ಕೋಟು ಇಸ್ತ್ರಿ ಮಾಡಿದ್ದು ಯಾರು ಅಂತ ನಾನು ಮೊದಲು ಯೋಚನೆ ಮಾಡೋದು.

ಇಷ್ಟು ದಿನ ನಕ್ಕು ಸುಮ್ಮನಾಗ್ತಿದ್ದೆ. ಈಗ ಅದು ನಮ್ಮ ಬಳಗದ ಬಾಗಿಲಿಗೇ ಬಂದದೆ, ಅದಕ್ಕೆ ಬರೀತಾ ಇದೀನಿ.

ನನ್ನ ತಂಗಿ ಮಗಳು, ಕನಕಪುರದ ಕಡೆ ಇರೋದು, ಒಂಬತ್ತನೇ ಕ್ಲಾಸು. ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು ಅವಳು, ಹೋದ ವರ್ಷ ಗೃಹಪ್ರವೇಶದಲ್ಲಿ ಬಾಗಿಲ ತುಂಬ ನವಿಲಿನ ರಂಗೋಲಿ ಬಿಟ್ಟಿದ್ದವಳು. ಖೋಖೋ ಆಡ್ತಾಳೆ, ಚಿತ್ರ ಬರೀತಾಳೆ, ಬೆಂಕಿಪೊಟ್ಟಣದಲ್ಲಿ ಹುಳ ಹುಪ್ಪಟೆ ಸಾಕ್ತಾಳೆ, ಅವರಪ್ಪ ಗಾಡಿ ಬಿಚ್ಚಿ ಕೂತ್ರೆ ಸ್ಪ್ಯಾನರ್ ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತಾಳೆ. ಲೆಕ್ಕದಲ್ಲಿ ನೂರಕ್ಕೆ ಎಪ್ಪತ್ತು ಚಿಲ್ಲರೆ ತೆಗೀತಾಳೆ, ಅದೇನು ಕಮ್ಮಿ ಅಲ್ಲ. ಎರಡು ತಿಂಗಳ ಹಿಂದೆ ಯಾವುದೋ ಕೋಚಿಂಗ್‌ನವರು ಅಪ್ಪ ಅಮ್ಮಂದಿರನ್ನೆಲ್ಲ ಕೂಡಿಸಿ ಒಂದು ಭಾಷಣ ಮಾಡಿಸಿದ್ರಂತೆ. ಮಾತಾಡಿದವರು ಕೈ ಎತ್ತಿ ತೋರ್ಸಿ, ಐದು ಬೆರಳಿದ್ರೂ ಗುರಿ ತೋರ್ಸೋದು ಒಂದೇ ಬೆರಳು, ಉಳಿದ ನಾಲ್ಕನ್ನ ಮಡಿಸಿಬಿಡಿ ಅಂದ್ರಂತೆ. ಎಲ್ಲಾರೂ ಚಪ್ಪಾಳೆ ಹೊಡೆದ್ರಂತೆ. ಮುದ್ದೆ ಮುರಿಯೋಕೆ ಎಷ್ಟು ಬೆರಳು ಬೇಕು ಸ್ವಾಮಿ ಅಂತ ಕೇಳೋರು ಒಬ್ಬರೂ ಇರಲಿಲ್ಲ ಅಲ್ಲಿ.

ಮನೆಗೆ ಬಂದವಳೇ ನನ್ನ ತಂಗಿ ಬಣ್ಣದ ಡಬ್ಬಿ ಅಟ್ಟಕ್ಕೆ ಹಾಕಿದ್ಲು. ಖೋಖೋ ಟೀಮಿಗೆ ಇನ್ನು ಕಳಿಸಲ್ಲ ಅಂತ ಪಿಟಿ ಮೇಷ್ಟ್ರಿಗೆ ಫೋನ್ ಹಚ್ಚಿದ್ಲು. ಮಗಳನ್ನ ಮುಂದೆ ಕೂರಿಸ್ಕೊಂಡು, ನಿಂಗೆ ಯಾವುದು ಇಷ್ಟ, ಒಂದೇ ಒಂದು ಹೇಳು, ಅದಕ್ಕೆ ಎಷ್ಟು ಖರ್ಚಾದ್ರೂ ಮಾಡ್ತೀವಿ ಅಂದ್ಲು. ಆ ಮಗು ಮೂರು ದಿನ ಯೋಚನೆ ಮಾಡಿ ಕೊನೆಗೆ ನಂಗೆ ಫೋನ್ ಮಾಡ್ತು. "ದೊಡ್ಡಮ್ಮ, ನಂಗೆ ಒಂದೇ ಅಂತ ಯಾವ್ದೂ ಇಲ್ಲ. ನನ್ನಲ್ಲೇ ಏನಾದ್ರೂ ಸರಿ ಇಲ್ವಾ?"

ಹದಿನಾಲ್ಕು ವರ್ಷದ ಹುಡುಗಿ ಕೇಳೋ ಮಾತಾ ಇದು? ನನ್ನ ತಂಗಿ ಇದನ್ನ ಓದ್ತಾಳೆ ಅಂತ ಗೊತ್ತು. ಓದ್ಲಿ. ಫೋನಲ್ಲಿ ಹೇಳಿದ್ರೆ ಅರ್ಧಕ್ಕೆ ಕಟ್ ಮಾಡ್ತಾಳೆ, ಇಲ್ಲಾದ್ರೆ ಕೊನೆವರೆಗೂ ಓದ್ಲೇಬೇಕು.

ಸರಿ ಇಲ್ಲದಿರೋದು ಮಗೂಲಿ ಅಲ್ಲ, ಆ ಭಾಷಣದಲ್ಲಿ. ಯಾಕೆ ಅಂತ ನಮ್ಮ ಹೊಲದಿಂದಲೇ ಹೇಳ್ತೀನಿ, ಕೋಟಿನವರ ಹತ್ರ ಹೊಲ ಇಲ್ಲ, ನಮ್ಮ ಹತ್ರ ಅದೆ.

ನಮ್ಮ ಸೀಮೆ ರಾಗಿ ಹೊಲ ನೆನಸ್ಕೊಳ್ಳಿ. ಮಾಗಡಿ ಕಡೆ ಆಗ್ಲಿ, ಕನಕಪುರದ ಕಡೆ ಆಗ್ಲಿ, ಹಿಂದೆ ಯಾರು ಬರೀ ರಾಗಿ ಬಿತ್ತುತಿದ್ರು? ಕೂರಿಗೆ ಹಿಂದೆ ಸಡ್ಡೆ ಕಟ್ಕೊಂಡು ಅಕ್ಕಡಿ ಸಾಲು ಬಿಡ್ತಿದ್ರು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ಅದರಾಚೆ ತೊಗರಿ, ಮಧ್ಯ ಮಧ್ಯ ಸಾಸಿವೆ, ಅಲಸಂದೆ, ಹುಚ್ಚೆಳ್ಳು, ಜೋಳ, ಬದುವಿನ ಸುತ್ತ ಹರಳು. ಸಡ್ಡೆಗೆ ಕಾಳು ಬಿಡೋ ಕೆಲಸ ನಮ್ಮವ್ವಂದು. ಮುಷ್ಟೀಲಿ ಎಲ್ಲಾ ಕಾಳೂ ಬೆರೆತಿರೋದು, ಆದ್ರೂ ಎಲ್ಲಿ ಯಾವುದು ಬೀಳಬೇಕು ಅಂತ ಅವಳ ಬೆರಳಿಗೆ ಗೊತ್ತಿತ್ತು. ದೀಪಾವಳಿ ಹೊತ್ತಿಗೆ ಹುಚ್ಚೆಳ್ಳು ಹೂ ಬಿಟ್ಟು ಹೊಲ ಎಲ್ಲಾ ಅರಿಶಿನ, ಜೇನು ಹುಳ ಗುಂಯ್ಯಂತಿರೋದು. ರಾಗಿ ಕೊಯ್ದ ಮೇಲೂ ಹೊಲ ಖಾಲಿ ಆಗ್ತಿರಲಿಲ್ಲ. ಆಗಲೇ ಅವರೆ ಶುರು, ಇಬ್ಬನಿ ಕುಡ್ಕೊಂಡೇ ಸಂಕ್ರಾಂತಿವರೆಗೂ ಕಾಯಿ ಬಿಡೋದು. ಅದಾದ ಮೇಲೆ ತೊಗರಿ. ಮಳೆ ಕೈ ಕೊಟ್ಟು ರಾಗಿ ಜೊಳ್ಳಾದ ವರ್ಷ ಕೂಡ ನಮ್ಮನೇಲಿ ಎಸರಿಗೆ ಕಾಳಿತ್ತು. ಅವರೆ ತೊಗರಿ ಬೇರು ಮಣ್ಣಿಗೆ ಸಾರ ಕೊಟ್ಟು ಮುಂದಿನ ರಾಗಿಗೆ ದಾರಿ ಮಾಡೋದು. ಅಂದ್ರೆ ಪಕ್ಕದ ಸಾಲು ರಾಗಿಯ ಬಾಯಿಂದ ಕಿತ್ಕೊಂಡು ತಿಂತಿರಲಿಲ್ಲ, ರಾಗಿಗೇ ಬಡಿಸ್ತಿತ್ತು. ನನ್ನ ತಂಗಿ ಅಟ್ಟಕ್ಕೆ ಹಾಕಿರೋ ಬಣ್ಣದ ಡಬ್ಬಿ ಅಂಥ ಒಂದು ಸಾಲು. ಅದನ್ನ ಕಿತ್ತು ಹಾಕಿದ್ರೆ ಲೆಕ್ಕದ ಮಾರ್ಕ್ಸ್ ತಾನಾಗೇ ಎಪ್ಪತ್ತರಿಂದ ತೊಂಬತ್ತಕ್ಕೆ ಹೋಯ್ತದೆ ಅಂತ ಯಾವ ರೈತ ಹೇಳ್ತಾನೆ?

ಒಂದನ್ನೇ ನಂಬಿದ್ರೆ ಏನಾಯ್ತದೆ ಅಂತಾನೂ ನಾವು ನೋಡಿಲ್ವಾ? ನಮ್ಮದು ರೇಷ್ಮೆ ನಾಡು. ರಾಮನಗರದ ಗೂಡಿನ ಮಾರ್ಕೆಟ್ಟು ಏಷ್ಯಾದಲ್ಲೇ ದೊಡ್ಡದು ಅಂತ ಬೋರ್ಡು ಹಾಕ್ಕೊಂಡಿರೋರು ನಾವು. ನಾನೂ ಮದುವೆ ಆಗಿ ಬಂದಾಗಿಂದ ಹುಳ ಸಾಕಿದವಳೇ. ಒಂದು ಮಾತು ಹೇಳ್ತೀನಿ, ಜೀವಮಾನಕ್ಕೆ ಒಂದೇ ಪ್ಯಾಷನ್ನು ಇರೋ ಪ್ರಾಣಿ ಈ ಲೋಕದಲ್ಲಿ ನಾನು ಕಂಡಿರೋದು ರೇಷ್ಮೆ ಹುಳ ಒಂದೇ. ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೆ ಮುಟ್ಟಲ್ಲ. ನಾಲ್ಕು ಜ್ವರ ಎದ್ದು, ತಿಂದು, ಹಣ್ಣಾಗಿ, ಚಂದ್ರಂಕಿ ಹತ್ತಿ, ಬಾಯಿಂದ ಒಂದೇ ಎಳೆ ನೂರಾರು ಮೀಟರ್ ತೆಗೀತದೆ. ಎಂಥಾ ಶ್ರದ್ಧೆ, ಎಂಥಾ ಗುರಿ! ಆಮೇಲೆ ಅದನ್ನ ಏನು ಮಾಡ್ತೀವಿ? ಬಿಸಿನೀರಿಗೆ ಹಾಕ್ತೀವಿ. ಎಳೆ ಬಿಚ್ಚಿಕೊಂಡವರು ಬೇರೆ, ಸೀರೆ ಉಟ್ಟವರು ಬೇರೆ. ಭಾಷಣ ಮಾಡೋರು ನಮ್ಮ ಮಕ್ಕಳಿಗೆ ಈ ಉದಾಹರಣೆ ಯಾಕೆ ಕೊಡಲ್ವೋ ಕಾಣೆ.

ಹುಳ ಬಿಡಿ, ಸಾಕಿದವರ ಕತೆ ಕೇಳಿ. 2011ರಲ್ಲಿ ಕೇಂದ್ರ ಸರ್ಕಾರ ಹೊರದೇಶದ ಕಚ್ಚಾ ರೇಷ್ಮೆ ಮೇಲಿನ ಸುಂಕವನ್ನ ನೂರಕ್ಕೆ 30ರಿಂದ 5ಕ್ಕೆ ಇಳಿಸ್ತು. ಚೀನಾ ರೇಷ್ಮೆ ಬಂತು, ಗೂಡಿನ ರೇಟು ನೆಲ ಕಚ್ತು. ಮಾರ್ಕೆಟ್ಟಿಂದ ಗಂಡಸರು ಬರಿಗೈಲಿ ಬಂದು ಜಗಲಿ ಮೇಲೆ ತಲೆ ಮೇಲೆ ಕೈ ಹೊತ್ತು ಕೂತದ್ದು ನಂಗೆ ಇನ್ನೂ ಕಣ್ಣಿಗೆ ಕಟ್ಟಿದಂಗದೆ. ಆ ವರ್ಷ ಯಾರ ಮನೆ ಉಳೀತು? ಮೂಲೆಮೂಲೆಗೂ ಕಡ್ಡಿ ಸೊಪ್ಪು ಹಾಕಿದ್ದೋರದ್ದಲ್ಲ. ಎರಡು ಹಸ ಕಟ್ಟಿ ಡೈರಿಗೆ ಹಾಲು ಹಾಕ್ತಿದ್ದೋರದು, ಒಂದು ತುಂಡು ಹೊಲ ರಾಗಿಗೆ ಬಿಟ್ಟಿದ್ದೋರದು, ಹೆಂಗಸರು ಮನೇಲಿ ಸೀರೆಗೆ ಕುಚ್ಚು ಕಟ್ತಿದ್ದೋರದು. ಹಿಂದಿನ ದಿನದವರೆಗೂ ಅದೇ ಕುಚ್ಚು ಕಟ್ಟೋ ಹೆಂಗಸಿಗೆ "ಟೈಂಪಾಸು" ಅಂತ ಹೆಸರಿತ್ತು.

ಈಚಿನ ಕತೆ ಬೇಕಾದ್ರೆ ರೋಡು ನೋಡಿ. 2023ರ ಮಾರ್ಚಲ್ಲಿ ಮೈಸೂರಿಗೆ ಎಕ್ಸ್‌ಪ್ರೆಸ್‌ವೇ ಆಯ್ತು. ಕಾರುಗಳೆಲ್ಲ ಬಿಡದಿ, ರಾಮನಗರ, ಚನ್ನಪಟ್ಟಣ ಮುಟ್ಟದೇ ಪಕ್ಕದಲ್ಲೇ ಹಾರಿಹೋಗೋಕೆ ಶುರು ಮಾಡಿದ್ವು. ಹಳೇ ರೋಡಿನ ತಟ್ಟೆ ಇಡ್ಲಿ ಹೋಟ್ಲು, ಬೊಂಬೆ ಅಂಗಡಿಗಳಿಗೆ ಬಿದ್ದ ಪೆಟ್ಟು ನಿಮಗೇ ಗೊತ್ತು. ಬೊಂಬೆ ಮಾಡೋರದು ಇದು ಮೊದಲ ಪೆಟ್ಟೂ ಅಲ್ಲ, ಅದಕ್ಕೂ ಮುಂಚೆ ಚೀನಾದ ಪ್ಲಾಸ್ಟಿಕ್ ಆಟದ ಸಾಮಾನು ಬಂದು ಕೂತಿತ್ತು. ತಾಳ್ಕೊಂಡವರು ಯಾರು ಅಂತ ಚನ್ನಪಟ್ಟಣದ ಬೀದಿಲಿ ಹೋಗಿ ನೋಡಿ. ಹಾಲೆ ಮರದಲ್ಲಿ ಕುದುರೆ ಗಾಡಿ, ಗಿಲಕಿ ಮಾತ್ರ ಅಲ್ಲ, ಬಳೆ, ಮಣಿಸರ, ಪೆನ್ನಿನ ಸ್ಟ್ಯಾಂಡು, ಬಾಗಿಲ ಪರದೆ, ಮಕ್ಕಳು ಎಣಿಸಿ ಕಲಿಯೋ ಆಟ ಎಲ್ಲಾ ಮಾಡ್ತಾವ್ರೆ. ಅದೇ ಅರಗು, ಅದೇ ಹೊಳಪು, ಕೈ ಮಾತ್ರ ಹತ್ತು ಕಡೆ ಓಡಾಡ್ತದೆ.

ಈಗ ಇದನ್ನ ಓದಿ ಯಾರಾದ್ರೂ ಹೇಳ್ಬಹುದು, ಹೊಟ್ಟೆಪಾಡಿನ ಮಾತು ಬೇರೆ, ಸಾಧನೆ ಬೇರೆ, ಸಾಧನೆ ಮಾಡಿದವರೆಲ್ಲ ಒಂದನ್ನೇ ಹಿಡಿದವರು ಅಂತ. ಹಿಂಗೆ ಹೇಳೋರು ತಪ್ಪದೇ ನಮ್ಮ ಸಾಲುಮರದ ತಿಮ್ಮಕ್ಕನ ಫೋಟೊ ಹಾಕ್ತಾರೆ. ಒಂದೇ ಕನಸು, ಒಂದೇ ಕೆಲಸ, ಪದ್ಮಶ್ರೀ ಅಂತ. ತಿಮ್ಮಕ್ಕ ನಮ್ಮ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನವರು. 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಹೆಸರನ್ನ ಹಿಂಗೆ ಬಳಸೋದು ನೋಡಿದ್ರೆ ನಂಗೆ ತಡ್ಕೊಳ್ಳೋಕೆ ಆಗಲ್ಲ. ಹುಲಿಕಲ್ಲಿಂದ ಕುದೂರಿಗೆ ಹೋಗೋ ರಸ್ತೇಲಿ 385 ಆಲದ ಮರ ಬೆಳೆಸಿದವರು ಹೌದು. ಆದ್ರೆ ಬೆಳಗ್ಗೆ ಎದ್ದು ನಂದೊಂದು ಪ್ಯಾಷನ್ನು ಅಂತ ಹೊರಟವರಲ್ಲ. ಕಲ್ಲು ಕ್ವಾರೀಲಿ ಕೂಲಿ ಮಾಡಿದವರು, ಹೊಲದಲ್ಲಿ ದುಡಿದವರು, ಮನೆ ನೋಡಿಕೊಂಡವರು. ಅದೆಲ್ಲದರ ಜೊತೆಗೆ ಗಂಡ ಹೆಂಡತಿ ಇಬ್ಬರೂ ಬಿಂದಿಗೇಲಿ ನೀರು ಹೊತ್ತು, ದನ ಬಾಯಿ ಹಾಕ್ದಂಗೆ ಮುಳ್ಳಿನ ಬೇಲಿ ಕಟ್ಟಿ ಸಸಿ ಉಳಿಸಿದ್ರು. ಮೊದಲ ವರ್ಷ ಹತ್ತು, ಆಮೇಲೆ ಹದಿನೈದು, ಆಮೇಲೆ ಇಪ್ಪತ್ತು. ಆ ಮರಗಳು ಬೇರೆ ಎಲ್ಲಾ ಬಿಟ್ಟು ಬೆಳೆಸಿದ್ದಲ್ಲ, ಬೇರೆ ಎಲ್ಲದರ ಸಂದೀಲಿ ಬೆಳೆಸಿದ್ದು. ಊರಿಗೊಂದು ಆಸ್ಪತ್ರೆ ಬೇಕು ಅಂತಾನೂ ಮುಪ್ಪಿನಲ್ಲಿ ಕೇಳ್ತಾ ಇದ್ದರು. ಕೋಟಿನವರಿಗೆ ಮರ ಕಾಣ್ತದೆ, ಕ್ವಾರಿ ಕಾಣಲ್ಲ, ಬಿಂದಿಗೆ ಕಾಣಲ್ಲ.

ಇನ್ನೊಬ್ಬರು ಎಚ್.ಎಲ್. ನಾಗೇಗೌಡರು. ರಾಮನಗರದ ಹತ್ರ ರೋಡಿನ ಪಕ್ಕ ಜಾನಪದ ಲೋಕ ಕಟ್ಟಿದವರು. ಮಕ್ಕಳನ್ನ ಕರ್ಕೊಂಡು ಅಲ್ಲಿಗೆ ಹೋಗದೇ ಇರೋರು ನಮ್ಮಲ್ಲಿ ಯಾರಿದ್ದೀರಿ? ಜಾನಪದವೇ ಉಸಿರು ಅಂತ ಅವರ ಬಗ್ಗೆ ಹೇಳ್ತಾರೆ, ಸರಿ. ಆದ್ರೆ ಅವರು ಐಎಎಸ್ ಅಧಿಕಾರಿ. ಫೈಲು, ಮೀಟಿಂಗು, ಜಿಲ್ಲೆ ಆಡಳಿತ ಎಲ್ಲಾ ಮಾಡಿದವರು. 'ದೊಡ್ಡಮನೆ' ಅಂತ ಕಾದಂಬರಿ ಬರೆದವರು. ನಮ್ಮ ದೇಶಕ್ಕೆ ಹಿಂದೆ ಬಂದುಹೋದ ಪರದೇಶಿ ಯಾತ್ರಿಕರು ಬರೆದಿದ್ದನ್ನೆಲ್ಲ ಕೂಡಿಸಿ 'ಪ್ರವಾಸಿ ಕಂಡ ಇಂಡಿಯಾ' ಅಂತ ಸಂಪುಟದ ಮೇಲೆ ಸಂಪುಟ ತಂದವರು. ಜಾನಪದ ಪರಿಷತ್ತು ಶುರುವಾಗಿದ್ದು 1979ರಲ್ಲಿ, ಜಾನಪದ ಲೋಕ 1994ರಲ್ಲಿ. ಅವರು ಹುಟ್ಟಿದ್ದು 1915ರಲ್ಲಿ. ಲೆಕ್ಕ ಹಾಕ್ಕೊಳ್ಳಿ, ಆ ಲೋಕ ಬಾಗಿಲು ತೆಗೆದಾಗ ಅವರಿಗೆ ಎಂಬತ್ತು ಹತ್ರ ಹತ್ರ. ಒಂಬತ್ತನೇ ಕ್ಲಾಸಲ್ಲಿ ಯಾರಾದ್ರೂ ಅವರನ್ನ ಕೂರಿಸಿ ನಿನ್ನ ಗುರಿ ಒಂದೇ ಹೇಳು ಅಂದಿದ್ರೆ ಏನು ಹೇಳ್ತಿದ್ರೋ!

ಆ ಜಾನಪದ ಲೋಕದ ಒಳಗೆ ಹೋಗಿ ನಿಂತ್ಕೊಂಡ್ರೆ ಇನ್ನೊಂದು ಹೊಳೀತದೆ. ಅಲ್ಲಿರೋ ಬೀಸೋ ಕಲ್ಲು, ಒರಳು, ಮೊರ, ವಂದರಿ, ಕೌದಿ ಎಲ್ಲಾ ಯಾರದು? ಬೀಸ್ತಾ ಬೀಸ್ತಾ ಪದ ಕಟ್ಟಿದವಳು "ನಾನು ಹಾಡುಗಾರ್ತಿ" ಅಂತ ಎಲ್ಲೂ ಹೇಳ್ಕೊಂಡಿಲ್ಲ. ಅವಳು ರಾಗಿ ಬೀಸ್ತಿದ್ಲು, ಮಗು ತೂಗ್ತಿದ್ಲು, ಊರ ಬಾಣಂತಿಗೆ ನೀರು ಹಾಕ್ತಿದ್ಲು, ಮದುವೇಲಿ ಸೋಬಾನೆ ಹೇಳ್ತಿದ್ಲು, ಮಗೂಗೆ ದೃಷ್ಟಿ ತೆಗೀತಿದ್ಲು. ಹಾಡು ಬರೋದು ಅವೆಲ್ಲ ಗೊತ್ತಿದ್ದದ್ದರಿಂದ. ಬರೀ ಹಾಡೋಕೆ ಅಂತ ಕೂತಿದ್ರೆ ಏನ್ ಹಾಡ್ತಿದ್ಲು?

ದೊಡ್ಡವರ ಮಾತು ಬಂದದ್ದಕ್ಕೆ ಇನ್ನೊಂದು. ಶಿವರಾಮ ಕಾರಂತರು ತಮ್ಮ ಆತ್ಮಕತೆಗೆ ಇಟ್ಟ ಹೆಸರೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ನೋಡಿ, ಅವರೇ ಹತ್ತು ಅಂದವರೆ! ನಲವತ್ತಕ್ಕೂ ಮೇಲೆ ಕಾದಂಬರಿ, ಯಕ್ಷಗಾನ, ಮಕ್ಕಳಿಗೆ 'ಬಾಲ ಪ್ರಪಂಚ', ವಿಜ್ಞಾನದ ಪುಸ್ತಕ, ಚಿತ್ರ ಬರೆಯೋದು, ಕೈಗಾ ಅಣುಸ್ಥಾವರದ ವಿರುದ್ಧ ಹೋರಾಟ, ಚುನಾವಣೆಗೂ ನಿಂತರು. ಆ ಚಂಚಲ ಮನುಷ್ಯನಿಗೇ ಜ್ಞಾನಪೀಠ ಬಂದದ್ದು. ಗಂಡಸರ ಉದಾಹರಣೆ ಸಾಕು ಅಂದ್ರೆ ಎಂ.ಕೆ. ಇಂದಿರಾ ಅವರನ್ನ ನೆನೆಸಿಕೊಳ್ಳಿ. ಗೆಜ್ಜೆಪೂಜೆ ಸಿನಿಮಾ ನೋಡಿ ಅತ್ತಿದ್ದೀವಲ್ಲ, ಆ ಕತೆ ಅವರದ್ದು, ಫಣಿಯಮ್ಮನೂ ಅವರದ್ದು. ಮನೆ, ಮಕ್ಕಳು, ಅಡುಗೆ ಅಂತಿದ್ದ ಗೃಹಿಣಿ, ಕಾದಂಬರಿ ಬರೆಯೋಕೆ ಹಿಡಿದಾಗ ನಲವತ್ತೈದು ಹತ್ರ. ಅಷ್ಟು ವರ್ಷ ಅವರು ಪ್ಯಾಷನ್ ಇಲ್ಲದ ಹೆಂಗಸಾಗಿದ್ರಾ? ಆ ವರ್ಷಗಳಲ್ಲಿ ನೋಡಿದ್ದು ಕೇಳಿದ್ದೇ ಅಲ್ವಾ ಆಮೇಲೆ ಪುಸ್ತಕ ಆಗಿದ್ದು?

ಈಗ ನಿಜವಾದ ಜಗಳದ ಮಾತಿಗೆ ಬತ್ತೀನಿ. "ಒಂದೇ ಹಿಡಿ, ಉಳಿದದ್ದು ಬಿಡು" ಅಂತ ಹೇಳ್ತಾರಲ್ಲ, ಆ ಬಿಟ್ಟ ಉಳಿದದ್ದನ್ನ ಯಾರು ಮಾಡ್ಬೇಕು? ಒಬ್ಬ ಗಂಡಸು ಹದಿನೆಂಟು ಗಂಟೆ ಒಂದೇ ಕೆಲಸದಲ್ಲಿ ಮುಳುಗಿದ್ದ ಅಂತ ಹೊಗಳ್ತೀವಿ. ಅವನ ತಟ್ಟೆಗೆ ಮುದ್ದೆ ಬಂದದ್ದು ಎಲ್ಲಿಂದ, ಅವನ ಅಪ್ಪನಿಗೆ ಶುಗರ್ ಮಾತ್ರೆ ಕೊಟ್ಟಿದ್ದು ಯಾರು, ಮಗೂಗೆ ಜ್ವರ ಬಂದಾಗ ರಾತ್ರಿ ಎದ್ದಿದ್ದು ಯಾರು? ಒಬ್ಬ ಒಂದೇ ಮಾಡೋಕೆ ಇನ್ನೊಬ್ಬಳು ಹದಿನೆಂಟು ಮಾಡ್ಬೇಕು. ಆ ಹದಿನೆಂಟು ಮಾಡಿದವಳಿಗೆ ಕೊನೆಗೆ "ನಿಂಗೆ ಅಂತ ಒಂದು ಸಾಧನೆ ಇಲ್ವಲ್ಲ" ಅಂತ ಅದೇ ಬಾಯಲ್ಲಿ ಹೇಳೋದು! ನಮ್ಮ ನೆಂಟರಲ್ಲೇ ಒಬ್ಬರು ನಂಗೆ ಹಿಂಗೆ ಅಂದವರೆ. ಅವರು ಅನ್ನುವಾಗ ನಾನು ಬಡಿಸಿದ ಎರಡನೇ ಲೋಟ ಪಾಯಸ ಕುಡೀತಾ ಇದ್ರು.

ಹಂಗಂತ ನಾನು ಪಾತ್ರೆ ತೊಳೆಯೋದನ್ನ ಹವ್ಯಾಸ ಅಂತ ಕರೀತಾ ಇಲ್ಲ. ಕೆಲಸ ಬೇರೆ, ಇಷ್ಟ ಬೇರೆ, ಅದು ನಂಗೂ ಗೊತ್ತು. ಮನೆ ಕೆಲಸಾನೇ ನಿಮ್ಮ ಕಲೆ ಅಂತ ಹೆಂಗಸರನ್ನ ಹೊಗಳಿ ಹೊಗಳಿ ಅಡುಗೆಮನೇಲೇ ಕೂರ್ಸೋರಿಗೂ ನಾನು ದೂರ. ನಾನು ಹೇಳೋದು ಯಾರೂ ಹೇಳ್ದೇ ಇದ್ರೂ, ಯಾರೂ ಕೇಳ್ದೇ ಇದ್ರೂ, ಕೈ ತಾನಾಗೇ ಹೋಗೋ ಕಡೆ ಬಗ್ಗೆ. ನಂಗೆ ಅಂಥವು ಏಳೆಂಟು ಅವೆ. ಬೆರಕೆ ಸೊಪ್ಪು ಗುರುತು ಹಿಡಿಯೋದು ನಂಗಿಷ್ಟ, ಹೊಲದ ಬದೂಲಿ ಇಪ್ಪತ್ತು ಥರದ ಸೊಪ್ಪಿನ ಹೆಸರು ಹೇಳ್ತೀನಿ. ಅವರೆ ಬೀಜ ಬಗೆಬಗೇದು ಡಬ್ಬಿ ಡಬ್ಬೀಲಿ ಇಟ್ಟಿದೀನಿ. ಪೇಪರಿನ ಪದಬಂಧ ಬಿಡಿಸದೇ ಕಾಫಿ ಇಳಿಯಲ್ಲ. ಕುಚ್ಚು ಕಟ್ತೀನಿ. ಮೊಮ್ಮಗನ ಜೊತೆ ಚೆಸ್ ಕಲಿತೆ, ಈಗ ಅವನು ನನ್ನ ಜೊತೆ ಆಡೋಕೆ ಬರಲ್ಲ, ಸೋಲ್ತೀನಿ ಅಂತ. ಕ್ರೋಶಾ ಐದು ವರ್ಷ ಹಾಕಿದೆ, ಟಿವಿ ಮೇಲೂ ಕ್ರೋಶಾ, ಫ್ರಿಡ್ಜ್ ಮೇಲೂ ಕ್ರೋಶಾ, ಆಮೇಲೆ ಸಾಕು ಅನ್ನಿಸ್ತು, ಬಿಟ್ಟೆ. ಬಿಟ್ಟದ್ದಕ್ಕೆ ನಂಗೆ ನಾಚಿಕೆ ಇಲ್ಲ. ಹೊಲದಲ್ಲಿ ಹೋದ ವರ್ಷ ಹುರುಳಿ ಹಾಕಿದ್ದೆ, ಈ ವರ್ಷ ಹಾಕಿಲ್ಲ ಅಂದ್ರೆ ಯಾರಾದ್ರೂ ಸೋತೆ ಅಂತಾರಾ?

ಅಷ್ಟು ಅಂದ್ಮೇಲೆ ಇದೂ ಹೇಳ್ಬೇಕು. ಒಂದರಲ್ಲೇ ಮುಳುಗಬೇಕಾದ ಕೆಲಸಗಳು ಅವೆ. ನನ್ನ ಹೊಟ್ಟೆ ಕೊಯ್ಯೋ ಡಾಕ್ಟ್ರು ಅರೆಬರೆ ಕಲಿತಿರೋದು ನಂಗೆ ಬೇಡ. ವೀಣೆ ನುಡಿಸೋರು ವರ್ಷಗಟ್ಟಲೆ ಬೆರಳು ಸವೆಸಲೇಬೇಕು. ಕೆಲವು ಮಕ್ಕಳು ಹುಟ್ತಾನೇ ಒಂದರ ಕಡೆ ತಿರುಗಿರ್ತವೆ, ಊಟ ನಿದ್ದೆ ಮರೆತು ಅದನ್ನೇ ಮಾಡ್ತವೆ. ಅಂಥವರನ್ನ ಎಳೆದು ನಾಲ್ಕು ಕ್ಲಾಸಿಗೆ ಸೇರಿಸೋದೂ ಅಷ್ಟೇ ದೊಡ್ಡ ಹಿಂಸೆ. ಸೋಮವಾರ ಕೀಬೋರ್ಡು, ಮಂಗಳವಾರ ಕರಾಟೆ, ಬುಧವಾರ ಅಬ್ಯಾಕಸ್ಸು ಅಂತ ಮಕ್ಕಳನ್ನ ಆಟೋದಲ್ಲಿ ತುಂಬಿ ತಿರುಗಿಸ್ತಾರಲ್ಲ, ಅದನ್ನ ನಾನು ಹತ್ತು ಕಟ್ಟೋದು ಅಂತ ಕರೆಯಲ್ಲ. ಅದು ಅಮ್ಮನ ಆಸೆ, ಮಗೂದಲ್ಲ. ಇನ್ನು ಶುರು ಮಾಡಿದ್ದನ್ನ ಅರ್ಧಕ್ಕೆ ಬಿಸಾಕೋ ಚಾಳಿ ಇದೆಯಲ್ಲ, ಅದಕ್ಕೂ ನಾನು ವಕಾಲತ್ತು ಹಾಕ್ತಾ ಇಲ್ಲ. ಇಟ್ಟ ಚುಕ್ಕಿ ಸೇರಿಸಿ ರಂಗೋಲಿ ಮುಗಿಸು, ನಾಳೆ ಬೇರೆ ರಂಗೋಲಿ ಇಡು. ಇಷ್ಟೇ ನಾನು ನನ್ನ ತಂಗಿ ಮಗಳಿಗೂ ಹೇಳಿದ್ದು.

ಈ ಒಂದೇ ಪ್ಯಾಷನ್ನಿನ ಹಿಂದೆ ಇನ್ನೊಂದು ಕಾಟ ಅದೆ, ದುಡ್ಡಿಂದು. ಒಬ್ಬಳು ಚೆನ್ನಾಗಿ ಚಕ್ಲಿ ಮಾಡಿದ್ರೆ ಬಿಸಿನೆಸ್ ಮಾಡು ಅಂತಾರೆ. ಹಾಡಿದ್ರೆ ಚಾನೆಲ್ ಮಾಡು. ಕುಚ್ಚು ಕಟ್ಟಿದ್ರೆ ಇನ್‌ಸ್ಟಾಗ್ರಾಂ ಮಾಡು. ಮಾಡೋರು ಮಾಡ್ಲಿ, ನಮ್ಮ ಬೀದೀಲೇ ಒಬ್ಬರು ಹಪ್ಪಳ ಮಾರಿ ಮಗಳನ್ನ ಇಂಜಿನಿಯರಿಂಗ್ ಓದಿಸ್ತಾವ್ರೆ, ಅವರಿಗೆ ಕೈ ಮುಗೀತೀನಿ. ಆದ್ರೆ ಇಷ್ಟಪಟ್ಟಿದ್ದನ್ನೆಲ್ಲ ಮಾರಲೇಬೇಕು, ಮಾರದೇ ಇದ್ರೆ ಅದು ದಂಡ ಅನ್ನೋದು ಯಾವ ನ್ಯಾಯ? ನಾನು ಸೊಪ್ಪಿನ ಹೆಸರು ಕಲಿತದ್ದು ಮಾರೋಕಲ್ಲ. ಬದುವಿನ ಮೇಲೆ ನಡೀವಾಗ ಪ್ರತಿ ಗಿಡಾನೂ ಪರಿಚಯದವರ ಥರ ಕಾಣ್ತದಲ್ಲ, ಅದಕ್ಕೆ.

ಹೋದ ತಿಂಗಳು ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಒಂದು ತರಬೇತಿಗೆ ಅಂತ ಫಾರಂ ತುಂಬಿಸಿದ್ರು. ನಾನು ಸ್ವಲ್ಪ ಓದಿರೋಳು ಅಂತ ಬರೆಯೋ ಕೆಲಸ ನಂಗೇ ಬಂತು. ಅದ್ರಲ್ಲಿ ಒಂದು ಕಾಲಂ, ಹವ್ಯಾಸ. ಹದಿನೈದು ಜನದಲ್ಲಿ ಹನ್ನೊಂದು ಜನ "ಇಲ್ಲ ಅಂತ ಬರಿ" ಅಂದ್ರು. ಅಂದವರಲ್ಲಿ ಒಬ್ಬಳು ಹುಳದ ಮನೆ ಬಾಗಿಲು ತೆಗೆದ ತಕ್ಷಣ ವಾಸನೆಯಲ್ಲೇ ಹುಳಕ್ಕೆ ರೋಗ ಬಂದದೆ ಅಂತ ಹೇಳ್ತಾಳೆ. ಒಬ್ಬಳು ಮದುವೆ ಮನೇಲಿ ನಿಂತ ನಿಂತಲ್ಲೇ ಬೀಗರ ಹೆಸರು ಸೇರಿಸಿ ಪದ ಕಟ್ತಾಳೆ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗ್ತದೆ. ಒಬ್ಬಳು ಬೀದಿಯವರ ಮಿಕ್ಸಿ ಎಲ್ಲಾ ಬಿಚ್ಚಿ ಸರಿ ಮಾಡ್ತಾಳೆ, ಅವಳ ಗಂಡನಿಗೆ ಫ್ಯೂಸು ಹಾಕೋಕೂ ಬರಲ್ಲ. ಇವರೆಲ್ಲ ಇಲ್ಲ ಅಂದ್ರು. ಯಾಕಿಲ್ಲ ಅಂದೆ. ಮಿಕ್ಸಿಯವಳು ಹೇಳಿದ್ದು: "ಅದೊಂದೇ ಮಾಡ್ತೀನಾ ಅಕ್ಕ? ಎಲ್ಲಾ ಚೂರುಚೂರು." ಆ ಚೂರುಚೂರು ಅನ್ನೋ ಮಾತು ಎಲ್ಲಿಂದ ಬಂತು ಅವಳ ಬಾಯಿಗೆ? ನಾವೇ ಹಾಕಿದ್ದು. ಮಗಳಿಗೆ ಹೇಳ್ತೀವಿ, ತಂಗಿಗೆ ಹೇಳ್ತೀವಿ, ಕೊನೆಗೆ ಕನ್ನಡಿ ಮುಂದೆ ನಿಂತು ನಮಗೆ ನಾವೇ ಹೇಳ್ಕೊಳ್ತೀವಿ.

ನಾನು ಹನ್ನೊಂದು ಜನಕ್ಕೂ ಹವ್ಯಾಸ ತುಂಬಿದೆ. ಕಾಲಂ ಚಿಕ್ಕದು, ಜಾಗ ಸಾಲದೆ ಪಕ್ಕದ ಗೆರೆ ದಾಟಿ ಬರೆದೆ. ಫಾರಂ ತಗೊಂಡು ಹೋದ ಹುಡುಗಿ ಇಷ್ಟೊಂದು ಬರಿಯೋ ಹಂಗಿಲ್ಲ ಆಂಟಿ, ಒಂದೇ ಬರೀಬೇಕು ಅಂದ್ಲು. ಒಂದೇ ಅಂತ ಎಲ್ಲಿ ಪ್ರಿಂಟ್ ಆಗದೆ ತೋರಿಸವ್ವ ಅಂದೆ. ಎಲ್ಲೂ ಇರಲಿಲ್ಲ.

ನಡುವೆ ಒಂದು ಮಾತ್ ಬಂತು, ಹೇಳಿಬಿಡ್ತೀನಿ. ನಮ್ಮೂರಿಗೇ ಒಂದು ಹೆಸರಿಲ್ಲ. ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ, 2007ರಲ್ಲಿ ಜಿಲ್ಲೆ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು. ರೇಷ್ಮೆ ಊರು ಅಂದ್ರೂ ನಾವೇ, ಶೋಲೆ ಬೆಟ್ಟ ಅಂದ್ರೂ ನಾವೇ, ಮಾವಿನ ಸೀಮೆ ಅಂದ್ರೂ ನಾವೇ. ಯಾವುದೋ ಒಂದು ಹೇಳು ಅಂತ ರಾಮದೇವರ ಬೆಟ್ಟವನ್ನ ಯಾರೂ ಕೇಳಿಲ್ಲ.

ತಂಗಿ ವಿಷಯಕ್ಕೆ ಬತ್ತೀನಿ. ನೋಡು ಪುಟ್ಟಿ, ನಿಂಗೆ ಭಯ ಏನು ಅಂತ ನಂಗೆ ಗೊತ್ತು. ಸೀಟು ಸಿಗಲ್ವೇನೋ, ಮಗಳು ನಮ್ಮ ಥರಾನೇ ಒಲೆ ಮುಂದೆ ಉಳಿದುಬಿಡ್ತಾಳೇನೋ ಅಂತ. ಆ ಭಯ ಸುಳ್ಳಲ್ಲ. ನಂಗೆ ಪಿಯುಸಿಗೆ ನಿಲ್ಲಿಸಿದ್ರಲ್ಲ, ಆ ನೋವು ನಂಗೆ ಇನ್ನೂ ಅದೆ. ಅವಳು ಓದ್ಲೇಬೇಕು, ಚೆನ್ನಾಗೇ ಓದ್ಬೇಕು, ಅದಕ್ಕೆ ಕೋಚಿಂಗ್ ಬೇಕಾದ್ರೆ ಕೊಡಿಸು. ಆದ್ರೆ ಸಾಯಂಕಾಲ ಒಂದು ಗಂಟೆ ಖೋಖೋ ಆಡಿದ್ರೆ ಸೀಟು ಹೋಗಲ್ಲ. ಭಾನುವಾರ ಚಿತ್ರ ಬರೆದ್ರೆ ಲೆಕ್ಕ ಮರೆಯಲ್ಲ. ಪರೀಕ್ಷೆ ಅನ್ನೋದು ಒಂದು ಕೆಲಸ, ಅದನ್ನ ಮಾಡಿ ಮುಗಿಸೋಕೆ ಅವಳನ್ನೇ ಒಂದು ಕೆಲಸ ಮಾಡಿಬಿಡ್ಬೇಡ. ನಾಳೆ ಆ ಒಂದು ಸೀಟು ಸಿಗದೇ ಹೋದ್ರೆ ಆ ಹುಡುಗಿ ಯಾವುದರ ಮೇಲೆ ಕೈ ಊರಿ ಎದ್ದು ನಿಲ್ಲಬೇಕು ಅಂತ ಯೋಚನೆ ಮಾಡಿದೀಯಾ? ಗೂಡಿನ ರೇಟು ಬಿದ್ದ ವರ್ಷ ನಾವು ಯಾವುದರ ಮೇಲೆ ಎದ್ವಿ ಅಂತ ನಿಂಗೂ ಗೊತ್ತು, ನಿನ್ನ ಕಾಲೇಜು ಫೀಸು ಕಟ್ಟಿದ್ದು ಅವ್ವ ಹುಣಿಸೆಹಣ್ಣು ಬಿಡಿಸಿ ಮಾರಿದ ದುಡ್ಡಲ್ಲಿ.

ಬಣ್ಣದ ಡಬ್ಬಿ ಅಟ್ಟದಿಂದ ಇಳಿಸು. ಇಲಿ ಕಡೀತವೆ ಅಲ್ಲಿ, ಅದೂ ಅಲ್ದೆ ಅದು ನಾನು ಕೊಡ್ಸಿದ್ದು.

ಓದ್ತಿರೋ ಉಳಿದೋರಿಗೆ, ಸಂಘದ ಜಗಲೀಲಿ ಬರೋ ಭಾನುವಾರ ಮಧ್ಯಾಹ್ನ ಮಿಕ್ಸಿ ಬಿಚ್ಚೋದು ಕಲಿಸ್ತಾಳಂತೆ ಆ ತಂಗಿ. ನಾನು ಹೋಯ್ತಾ ಇದೀನಿ. ಬರೋರು ಹಳೇ ಮಿಕ್ಸಿ ಒಂದು ತನ್ನಿ, ಹೊಸದನ್ನ ತಂದು ಆಮೇಲೆ ನನ್ನ ಬಯ್ಯಬೇಡಿ. ಬದಲಿಗೆ ಅವಳು ನನ್ನ ಹತ್ರ ಅವರೆ ಬೀಜ ಕೇಳವಳೆ. ಯಾರಿಗಾದ್ರೂ ಬೇಕಿದ್ರೆ ಡಬ್ಬಿ ತಗೊಂಡು ಬನ್ನಿ, ನಾಲ್ಕು ಥರದ್ದು ಅವೆ, ನಾಲ್ಕನ್ನೂ ಒಂದೊಂದು ಹಿಡಿ ಕೊಡ್ತೀನಿ.